ನೀರು ಮೆದುವಾಯಿತು, ಆದರೆ ಶವರಿನ ಧಾರೆ ನೂಲಿನಂತಾಯಿತು: ಸಾಫ್ಟನರ್ ಎಲ್ಲಿ ಕೂರಿಸಬೇಕು?

ಹೊಸೂರು ಹೊಸಮನೆ:

ಹೊಸೂರಿನಿಂದ ಡೆಂಕಣಿಕೋಟೆಗೆ ಹೋಗುವ ರಸ್ತೆಯ ಬದಿಯ ಬಡಾವಣೆಯೊಂದರಲ್ಲಿ ಮನೆ ಕಟ್ಟಿಕೊಂಡು ಬಂದು ನಮಗೆ ಎರಡು ವರ್ಷಗಳಾದವು. ನೀರಿಗೆ ಕೊಳವೆಬಾವಿಯೊಂದೇ ಆಧಾರ. ಮೊದಲ ಬೇಸಿಗೆಯಲ್ಲೇ ಬಚ್ಚಲಿನ ಕಪ್ಪು ಕಲ್ಲಿನ ಮೇಲೆ ಬಿಳಿಯ ಕಲೆ ಕೂತಿತು, ತೊಗರಿಬೇಳೆಗೆ ಕುಕ್ಕರ್ ಎರಡು ಸೀಟಿ ಹೆಚ್ಚು ಕೂಗಬೇಕಾಯಿತು, ಕಳೆದ ವರ್ಷ ಗೀಸರ್ ಬಿಚ್ಚಿಸಿದಾಗ ಕಾಯಿಲ್ ಮೇಲಿಂದ ಮೊಟ್ಟೆಯ ಚಿಪ್ಪಿನಂಥ ಸುಣ್ಣ ಪದರ ಪದರವಾಗಿ ಉದುರಿತು. ಪರೀಕ್ಷೆ ಮಾಡಿಸಿದಾಗ ಒಟ್ಟು ಗಡಸುತನ (ನೀರಿನಲ್ಲಿ ಕರಗಿದ ಸುಣ್ಣದಂಥ ಲವಣಗಳ ಪ್ರಮಾಣ) ಲೀಟರಿಗೆ 620 ಮಿಲಿಗ್ರಾಂ ಎಂದು ವರದಿ ಬಂತು. ಹಾಗಾಗಿ ಒಂದು ತಿಂಗಳ ಹಿಂದೆ 25 ಲೀಟರ್ ರೆಸಿನ್ (ಗಡಸುತನವನ್ನು ಹಿಡಿದುಕೊಳ್ಳುವ ಸಣ್ಣ ಮಣಿಗಳು) ಇರುವ, ತಾನಾಗಿಯೇ ನಡೆಯುವ ಕವಾಟವುಳ್ಳ ಸಾಫ್ಟನರ್, ಅಂದರೆ ನೀರನ್ನು ಮೆದು ಮಾಡುವ ಯಂತ್ರ, ಕೊಂಡೆವು.

ಮಾರಿದವರು ಅದನ್ನು ತಾರಸಿಯ ಮೇಲೆ, ಓವರ್‌ಹೆಡ್ ಟ್ಯಾಂಕಿನಿಂದ ಮನೆಯೊಳಗೆ ಇಳಿಯುವ ಪೈಪಿಗೆ ಜೋಡಿಸಿ ಹೋದರು. ಅದಕ್ಕೆ ಮೊದಲು ಕೆಳಗಿನ ಬಚ್ಚಲಿನಲ್ಲಿ 10 ಲೀಟರಿನ ಬಕೆಟ್ ತುಂಬಲು 50 ಸೆಕೆಂಡು ಹಿಡಿಯುತ್ತಿತ್ತು. ಈಗ ಅದೇ ಬಕೆಟ್ಟಿಗೆ 2 ನಿಮಿಷ 40 ಸೆಕೆಂಡು ಬೇಕು. ಮೇಲಿನ ಮಹಡಿಯ ಶವರಿನಲ್ಲಿ ನೀರು ಗೋಡೆಗಂಟಿಕೊಂಡೇ ಇಳಿಯುತ್ತದೆ. ದೂರು ಹೇಳಿದರೆ, ಒಂದು ಪ್ರೆಷರ್ ಪಂಪು ಹಾಕಿಸಿಕೊಳ್ಳಿ ಎಂದು ಇನ್ನೊಂದು ದರಪಟ್ಟಿ ಕಳುಹಿಸಿದ್ದಾರೆ. ಇನ್ನೂ ಒಂದು ವಿಚಿತ್ರವೆಂದರೆ, ಒಂದು ತಿಂಗಳಾದರೂ ಉಪ್ಪಿನ ತೊಟ್ಟಿಯಲ್ಲಿ ಹಾಕಿದ ಉಪ್ಪು ಹಾಕಿದಷ್ಟೇ ಇದೆ. ಯಂತ್ರ ಕೆಟ್ಟದ್ದೇ, ಜೋಡಣೆ ತಪ್ಪೇ, ಅಥವಾ ಸಾಫ್ಟನರ್ ಹಾಕಿಸಿದ ಮೇಲೆ ಧಾರೆ ಸಣ್ಣದಾಗುವುದು ಸಹಜವೇ, ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಬಾಯ್ಲರ್‌ಮನೆ (ಅಕ್ಕಲಕೋಟೆ):

ಸೊಲ್ಲಾಪುರದ ಒಂದು ಗಿರಣಿಯ ಬಾಯ್ಲರ್ ಮನೆಯಲ್ಲಿ ಬಹಳ ವರ್ಷ ಸಾಫ್ಟನರ್ ನೋಡಿಕೊಂಡವನು ನಾನು. ಬಾಯ್ಲರಿಗೆ ಗಡಸು ನೀರು ಹೋದರೆ ಟ್ಯೂಬು ಸುಟ್ಟು ಹೋಗುತ್ತದೆ, ಆದ್ದರಿಂದ ನಮಗೆ ಅದು ಊಟದಷ್ಟೇ ನಿತ್ಯದ ಕೆಲಸವಾಗಿತ್ತು. ನೀವು ಬರೆದದ್ದನ್ನು ಓದಿದರೆ ಯಂತ್ರ ಕೆಟ್ಟಂತೆ ಕಾಣುವುದಿಲ್ಲ, ಕೂರಿಸಿದ ಜಾಗ ಕೆಟ್ಟದ್ದು. ಖಚಿತವಾಗಿ ಹೇಳುವ ಮೊದಲು ಮೂರು ಸಂಗತಿ ಬೇಕು: ಟ್ಯಾಂಕಿನ ತಳದಿಂದ ಎರಡೂ ಬಚ್ಚಲುಗಳ ಶವರಿಗೆ ಎಷ್ಟು ಎತ್ತರದ ವ್ಯತ್ಯಾಸವಿದೆ, ಸಾಫ್ಟನರಿನ ಮುಂದೆ ಬೇರೆ ಫಿಲ್ಟರ್ ಇದೆಯೇ, ಮತ್ತು ಕವಾಟದ ಜೊತೆ ಬಂದ ಪುಸ್ತಿಕೆಯಲ್ಲಿ ಕನಿಷ್ಠ ಒತ್ತಡ ಎಷ್ಟೆಂದು ಬರೆದಿದೆ.

ಹೊಸೂರು ಹೊಸಮನೆ:

ಅಳತೆಯ ಟೇಪು ಹಿಡಿದು ನೋಡಿದೆ. ಟ್ಯಾಂಕಿನ ತಳದಿಂದ ಮೇಲಿನ ಮಹಡಿಯ ಶವರಿಗೆ 2.2 ಮೀಟರ್, ಕೆಳಗಿನದಕ್ಕೆ 5.5 ಮೀಟರ್. ಸಾಫ್ಟನರಿಗೆ ಮೊದಲು 10 ಇಂಚು ಉದ್ದದ ತೆಳು ಫಿಲ್ಟರ್ ಇದೆ, ಅದರ ಮೇಲೆ 5 ಮೈಕ್ರಾನ್ ಎಂದು ಬರೆದಿದೆ. ಪುಸ್ತಿಕೆಯಲ್ಲಿ ಕೆಲಸದ ಒತ್ತಡ 1.5ರಿಂದ 6 ಬಾರ್ ಎಂದಿದೆ.

ಬಾಯ್ಲರ್‌ಮನೆ (ಅಕ್ಕಲಕೋಟೆ):

ಉತ್ತರ ನಿಮ್ಮ ಪುಸ್ತಿಕೆಯಲ್ಲೇ ಇದೆ. ಹತ್ತು ಮೀಟರ್ ಎತ್ತರದ ನೀರಿನ ಕಂಬ ಕೊಡುವ ಒತ್ತಡ ಸುಮಾರು 1 ಬಾರ್. ಅಂದರೆ ನಿಮ್ಮ ಕೆಳಗಿನ ಶವರಿಗೆ ಸಿಗುವುದು ಅರ್ಧ ಬಾರಿಗಿಂತ ತುಸು ಹೆಚ್ಚು, ಮೇಲಿನದಕ್ಕೆ ಕಾಲು ಬಾರಿಗಿಂತ ಕಡಿಮೆ. ಯಂತ್ರ ಕೇಳುವ ಕನಿಷ್ಠ 1.5 ಬಾರ್ ಬೇಕಾದರೆ ಟ್ಯಾಂಕು ಅದಕ್ಕಿಂತ ಹದಿನೈದು ಮೀಟರ್ ಮೇಲಿರಬೇಕು, ಅದು ಐದು ಅಂತಸ್ತಿನ ಎತ್ತರ. ನಿಮ್ಮ ಸಾಫ್ಟನರ್ ಇರುವುದು ಟ್ಯಾಂಕಿನ ಪಕ್ಕದಲ್ಲೇ, ಅಲ್ಲಿ ಒತ್ತಡ ಇಲ್ಲವೆಂದೇ ಹೇಳಬೇಕು. ಇಷ್ಟು ಬಡ ಒತ್ತಡದಲ್ಲಿ ನೀರು 5 ಮೈಕ್ರಾನಿನ ತೆಳು ಫಿಲ್ಟರ್ ದಾಟಿ, ಕವಾಟದ ಸಣ್ಣ ದಾರಿಗಳಲ್ಲಿ ನುಸುಳಿ, ಒಂದು ಮಿಲಿಮೀಟರಿಗಿಂತ ಚಿಕ್ಕದಾದ ರೆಸಿನ್ ಮಣಿಗಳ ಎರಡಡಿ ದಪ್ಪದ ಹಾಸಿನೊಳಗೆ ಇಳಿದು, ಮತ್ತೆ ನಡುವಿನ ಕೊಳವೆಯಲ್ಲಿ ಮೇಲೆ ಬಂದು ಶವರಿಗೆ ಹೋಗಬೇಕು. ಅದು ಇಷ್ಟಾದರೂ ಹೋಗುತ್ತಿರುವುದೇ ಆಶ್ಚರ್ಯ.

ಉಪ್ಪು ಕರಗದಿರುವುದಕ್ಕೂ ಇದೇ ಕಾರಣ. ದಣಿದ ರೆಸಿನ್ನನ್ನು ಉಪ್ಪಿನ ದ್ರಾವಣದಿಂದ ತೊಳೆದರೆ ಅದು ಮತ್ತೆ ಕೆಲಸಕ್ಕೆ ಬರುತ್ತದೆ, ಆದರೆ ಯಂತ್ರ ಆ ದ್ರಾವಣವನ್ನು ಎಳೆದುಕೊಳ್ಳುವುದು ಮೋಟಾರಿನಿಂದಲ್ಲ. ಕಿರಿದಾದ ರಂಧ್ರವೊಂದರಲ್ಲಿ ನೀರು ರಭಸವಾಗಿ ನುಗ್ಗುವಾಗ ಉಂಟಾಗುವ ಹೀರುವಿಕೆಯಿಂದ ಅದು ದ್ರಾವಣವನ್ನು ಸೆಳೆಯುತ್ತದೆ. ರಭಸವಿಲ್ಲದಿದ್ದರೆ ಹೀರುವಿಕೆಯೂ ಇಲ್ಲ. ಹಾಗಾಗಿ ನಿಮ್ಮ ರೆಸಿನ್ ಮೊದಲ ಮೂರು ನಾಲ್ಕು ದಿನ ಮಾತ್ರ ನೀರನ್ನು ಮೆದು ಮಾಡಿರುತ್ತದೆ. ಆಮೇಲಿಂದ ನಿಮಗೆ ಬರುತ್ತಿರುವುದು ಅದೇ ಗಡಸು ನೀರು, ಅದೂ ಸಣ್ಣ ಧಾರೆಯಲ್ಲಿ.

ನನ್ನ ಸಲಹೆ ಒಂದೇ. ಸಾಫ್ಟನರನ್ನು ಟ್ಯಾಂಕಿನಿಂದ ಇಳಿಯುವ ಪೈಪಿನಿಂದ ಬಿಡಿಸಿ, ಟ್ಯಾಂಕಿಗೆ ಏರುವ ಪೈಪಿಗೆ ಹಾಕಿ. ಸಂಪಿನಿಂದ ಪಂಪು, ಪಂಪಿನಿಂದ ಫಿಲ್ಟರ್, ಫಿಲ್ಟರಿನಿಂದ ಸಾಫ್ಟನರ್, ಅಲ್ಲಿಂದ ಟ್ಯಾಂಕು. ಯಾವ ಸಾಫ್ಟನರ್ ಆದರೂ ನೀರಿನ ರಭಸವನ್ನು ಸ್ವಲ್ಪ ತಿಂದೇ ತಿನ್ನುತ್ತದೆ. ಆ ನಷ್ಟ ಎಲ್ಲಿ ಆಗಬೇಕೆಂದು ನಿರ್ಧರಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಶವರಿನ ಕೆಳಗೆ ನಿಂತವನಿಗೆ ಅದು ತಕ್ಷಣ ಗೊತ್ತಾಗುತ್ತದೆ, ಟ್ಯಾಂಕು ತುಂಬಲು ಇಪ್ಪತ್ತು ನಿಮಿಷದ ಬದಲು ಒಂದು ಗಂಟೆ ಹಿಡಿದರೆ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಟ್ಯಾಂಕಿನಿಂದ ಕೆಳಗೆ ಇಳಿಯುವ ದಾರಿಯಲ್ಲಿ ಏನೂ ಅಡ್ಡವಿರದಿದ್ದರೆ ನಿಮ್ಮ 50 ಸೆಕೆಂಡಿನ ಬಕೆಟ್ ತಾನಾಗಿ ವಾಪಸು ಬರುತ್ತದೆ.

ಪಂಪನ್ನು ಆರಿಸುವಾಗ ಜನ ಎಷ್ಟು ಲೀಟರ್ ಎತ್ತುತ್ತದೆ ಎಂದಷ್ಟೇ ಕೇಳುತ್ತಾರೆ. ಇಲ್ಲಿ ಎಷ್ಟು ಎತ್ತರಕ್ಕೆ ಎತ್ತುತ್ತದೆ ಎಂಬುದೇ ಮುಖ್ಯ. ಸಂಪಿನಿಂದ ಟ್ಯಾಂಕಿಗೆ ಸುಮಾರು ಹತ್ತು ಮೀಟರ್, ಸಾಫ್ಟನರ್ ಮತ್ತು ಫಿಲ್ಟರ್ ತಿನ್ನುವ ಒತ್ತಡಕ್ಕೆ ಇನ್ನು ಹತ್ತು ಹದಿನೈದು ಮೀಟರ್ ಎಂದು ಲೆಕ್ಕ ಹಿಡಿದು, ಗರಿಷ್ಠ ಎತ್ತುವಿಕೆ 30–35 ಮೀಟರ್ ಇರುವ ಅರ್ಧ ಎಚ್‌ಪಿ ಪಂಪು ಹುಡುಕಿ. ನೀರಿನ ವೇಗಕ್ಕೆ ಮೇಲ್ಮಿತಿಯೂ ಇದೆ. ಗಂಟೆಗೆ ರೆಸಿನ್ನಿನ ಪ್ರಮಾಣದ 40 ಪಟ್ಟು ನೀರು ಎಂಬುದು ಸಾಮಾನ್ಯವಾಗಿ ಹಿಡಿಯುವ ಗೆರೆ, ನಿಮ್ಮ 25 ಲೀಟರಿಗೆ ಅದು ಗಂಟೆಗೆ 1000 ಲೀಟರ್. ಅದಕ್ಕಿಂತ ಬಹಳ ಜೋರಾಗಿ ನೂಕಿದರೆ ನೀರು ಮಣಿಗಳ ನಡುವೆ ನಿಲ್ಲದೆ ಓಡಿಹೋಗುತ್ತದೆ, ಒಂದಷ್ಟು ಗಡಸುತನ ಹಾಗೆಯೇ ಉಳಿಯುತ್ತದೆ. ಸಾಫ್ಟನರಿನ ಹೊರಹರಿವಿನಲ್ಲಿ ಒಂದು ಬಾಲ್ ವಾಲ್ವ್ ಹಾಕಿ, ಟ್ಯಾಂಕಿನ ಬಾಯಲ್ಲಿ ಬಕೆಟ್ ಹಿಡಿದು, 10 ಲೀಟರ್ ತುಂಬಲು 35 ಸೆಕೆಂಡು ಹಿಡಿಯುವವರೆಗೆ ತಿರುಗಿಸಿ ಬಿಟ್ಟುಬಿಡಿ.

ಆ 5 ಮೈಕ್ರಾನ್ ಫಿಲ್ಟರನ್ನು ದಯವಿಟ್ಟು ತೆಗೆಯಿರಿ. ಅದು ಕುಡಿಯುವ ನೀರಿನ ಯಂತ್ರದ ಮುಂದೆ ಇರಬೇಕಾದದ್ದು. ಇಲ್ಲಿ ಮರಳನ್ನು ತಡೆದರೆ ಸಾಕು, ಅದಕ್ಕೆ ಹನಿ ನೀರಾವರಿಗೆ ಹಾಕುವ 120 ಮೆಶ್‌ನ ಡಿಸ್ಕ್ ಫಿಲ್ಟರ್ ಎಲ್ಲಕ್ಕಿಂತ ವಾಸಿ. ಬಿಚ್ಚಿ, ಬಿಲ್ಲೆಗಳನ್ನು ನಲ್ಲಿಯ ಕೆಳಗೆ ತೊಳೆದು ಮತ್ತೆ ಹಾಕಬಹುದು.

ಕೊಳವೆಬಾವಿಯ ಪಂಪಿಗೆ ಮಾತ್ರ ನೇರವಾಗಿ ಜೋಡಿಸಬೇಡಿ. ಆಳದಿಂದ ಎತ್ತುವ ಸಬ್‌ಮರ್ಸಿಬಲ್ ಪಂಪು, ಬಾವಿಯಲ್ಲಿ ನೀರು ಮೇಲೆ ಇರುವಾಗ ಹೊರದಾರಿ ಮುಚ್ಚಿತೆಂದರೆ ಕವಾಟದ 6 ಬಾರಿನ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಸಂಪಿನ ಪಂಪಿನಿಂದ ಹೊರಡುವ ಪೈಪಿನಲ್ಲಿ ಒಂದು ನಾನ್‌ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ) ಇರಲಿ. ಪಂಪು ನಿಂತಾಗ ನೀರು ಹಿಂದಕ್ಕೆ ಜಾರಿ ಫೈಬರ್ ಪಾತ್ರೆಯೊಳಗೆ ನಿರ್ವಾತ ಉಂಟಾದರೆ, ಹತ್ತು ಬಾರ್ ತಡೆಯುವ ಪಾತ್ರೆಯೂ ಒಳಮುಖದ ಎಳೆತಕ್ಕೆ ಹಾಳಾಗುತ್ತದೆ.

ಜತ್ತ ಮೂರಂತಸ್ತು:

ಬಾಯ್ಲರ್‌ಮನೆಯವರ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲ ಮನೆಗೂ ಅದು ಹೊಂದುವುದಿಲ್ಲ. ನಮ್ಮ ಮೂರಂತಸ್ತಿನ ಮನೆಯಲ್ಲಿ ಒಂದೇ ಟ್ಯಾಂಕಿನಿಂದ ಬಾಡಿಗೆಯವರಿಗೂ ತೋಟಕ್ಕೂ ನೀರು ಹೋಗುತ್ತದೆ, ಅಷ್ಟನ್ನೂ ಮೆದು ಮಾಡುವುದು ಉಪ್ಪನ್ನು ಮಣ್ಣಿಗೆ ಸುರಿದಂತೆ. ನಾವು ಟ್ಯಾಂಕಿನ ಆಚೆ 2 ಬಾರಿನ ಪ್ರೆಷರ್ ಪಂಪು, ಅದರಾಚೆ ಸಾಫ್ಟನರ್ ಹಾಕಿದ್ದೇವೆ. ಶವರು ಹೋಟೆಲಿನಲ್ಲಿ ಬರುವಂತೆ ಬರುತ್ತದೆ.

ಬಾಯ್ಲರ್‌ಮನೆ (ಅಕ್ಕಲಕೋಟೆ):

ನಿಮ್ಮ ಪರಿಸ್ಥಿತಿಯಲ್ಲಿ ಅದೇ ಸರಿ. ಆದರೆ ಕರೆಂಟು ಹೋದಾಗ ಏನು ಮಾಡುತ್ತೀರಿ? ಪಂಪು ಮತ್ತು ಸಾಫ್ಟನರ್ ಎರಡನ್ನೂ ಬಿಟ್ಟು ಪಕ್ಕದಿಂದ ಸುತ್ತಿಕೊಂಡು ಹೋಗುವ ಒಂದು ಪೈಪು, ಅದರಲ್ಲೊಂದು ನಾನ್‌ರಿಟರ್ನ್ ವಾಲ್ವ್ ಇದ್ದರೆ ಗಡಸು ನೀರಾದರೂ ತಾನಾಗಿ ಇಳಿಯುತ್ತದೆ. ಇಲ್ಲದಿದ್ದರೆ ಸೋಪು ಹಚ್ಚಿಕೊಂಡವರು ಹಾಗೆಯೇ ನಿಲ್ಲಬೇಕಾಗುತ್ತದೆ. ಇನ್ನೊಂದು ಮಾತು: ಪ್ರೆಷರ್ ಪಂಪಿನ ಮನೆಯಲ್ಲಿ ಎರಡು ಶವರು, ಒಂದು ವಾಷಿಂಗ್ ಮಷೀನು ಒಟ್ಟಿಗೆ ನಡೆದರೆ ನಿಮಿಷಕ್ಕೆ ಮೂವತ್ತು ಲೀಟರಿನ ಹತ್ತಿರ ಹೋಗುತ್ತದೆ, ಅದಕ್ಕೆ 25 ಲೀಟರಿನ ರೆಸಿನ್ ಸಾಲದು, 40–45 ಲೀಟರ್ ಬೇಕು. ಏರುವ ಪೈಪಿನಲ್ಲಿ ಕೂರಿಸಿದರೆ ಚಿಕ್ಕ ಯಂತ್ರವೇ ಸಾಕಾಗುತ್ತದೆ ಎಂಬುದು ಹೊಸೂರಿನವರ ಮಟ್ಟಿಗೆ ದೊಡ್ಡ ಅನುಕೂಲ. ನೀವು ಹೇಳಿದ ತೋಟದ ಸಂಗತಿ ಅವರಿಗೂ ಅನ್ವಯಿಸುತ್ತದೆ. ಗಿಡಗಳಿಗೂ ಶೌಚಾಲಯದ ಫ್ಲಶ್ಶಿಗೂ ಸಂಪಿನಿಂದಲೇ ಬೇರೆ ಸಾಲು, ಸಾಧ್ಯವಾದರೆ 300 ಲೀಟರಿನ ಬೇರೆ ಟ್ಯಾಂಕು ಇರಲಿ.

ರಾಯದುರ್ಗದ ಮೇಷ್ಟ್ರು:

ನಾನು ರಸಾಯನಶಾಸ್ತ್ರ ಪಾಠ ಹೇಳುವವನು, ಪೈಪಿನ ಜ್ಞಾನ ಕಡಿಮೆ. ಆದರೆ ಎಷ್ಟು ದಿನಕ್ಕೊಮ್ಮೆ ಉಪ್ಪು ಕೊಡಬೇಕೆಂಬುದನ್ನು ಮಾರುವವರು ಹೇಳಿದ ಹಾಗೆ ನಂಬದೆ ನೀವೇ ಲೆಕ್ಕ ಹಾಕಬಹುದು. ಸಾಫ್ಟನರಿನ ರೆಸಿನ್ ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳನ್ನು ಹಿಡಿದುಕೊಂಡು ಅವುಗಳ ಬದಲು ಸೋಡಿಯಂ ಬಿಟ್ಟುಕೊಡುತ್ತದೆ. ಒಂದು ಲೀಟರ್ ರೆಸಿನ್‌ಗೆ ಪ್ರತಿ ಸಲ 100 ಗ್ರಾಂ ಉಪ್ಪು ಕೊಟ್ಟರೆ ಅದು ಸುಮಾರು 45 ಗ್ರಾಂ ಗಡಸುತನವನ್ನು ಹಿಡಿಯುತ್ತದೆ, 240 ಗ್ರಾಂ ಕೊಟ್ಟರೆ 68 ಗ್ರಾಂ ಆಸುಪಾಸು. ಉಪ್ಪು ಎರಡೂವರೆ ಪಟ್ಟು ಸುರಿದರೂ ಕೆಲಸ ಒಂದೂವರೆ ಪಟ್ಟು ಮಾತ್ರ ಆಗುತ್ತದೆ, ಆದ್ದರಿಂದ ಕಡಿಮೆ ಉಪ್ಪನ್ನು ಹೆಚ್ಚು ಸಲ ಕೊಡುವುದೇ ಉಳಿತಾಯದ ದಾರಿ.

ಐದು ಜನರ ಮನೆಯಲ್ಲಿ ಸ್ನಾನ, ಬಟ್ಟೆ, ಪಾತ್ರೆಗೆ ದಿನಕ್ಕೆ 500 ಲೀಟರ್ ಎಂದುಕೊಳ್ಳೋಣ. ಲೀಟರಿಗೆ 620 ಮಿಲಿಗ್ರಾಂ ಎಂದರೆ ದಿನಕ್ಕೆ 310 ಗ್ರಾಂ ಗಡಸುತನ. ನಿಮ್ಮ 25 ಲೀಟರ್ ರೆಸಿನ್ ಒಂದು ಸಲಕ್ಕೆ ಹಿಡಿಯುವುದು 1125 ಗ್ರಾಂ. ಅಂದರೆ ಸುಮಾರು 1800 ಲೀಟರಿಗೆ, ಮೂರೂವರೆ ದಿನಕ್ಕೆ ಅದು ದಣಿಯುತ್ತದೆ. ಕವಾಟದ ಮೀಟರನ್ನು 1500 ಲೀಟರಿಗೆ ಇಟ್ಟುಕೊಂಡರೆ ಮೂರು ದಿನಕ್ಕೊಮ್ಮೆ ಎರಡೂವರೆ ಕಿಲೋ, ತಿಂಗಳಿಗೆ 25 ಕಿಲೋ ಉಪ್ಪು. ವಾರಕ್ಕೊಮ್ಮೆ ಸಾಕು ಎಂದು ಯಾರಾದರೂ ಹೇಳಿದ್ದರೆ ವಾರದ ಅರ್ಧ ಭಾಗ ನೀವು ಗಡಸು ನೀರಿನಲ್ಲೇ ಮಿಂದಿರುತ್ತೀರಿ. ಇದೇ ಲೆಕ್ಕದಿಂದ, ನಲ್ಲಿಯ ಬಾಯಿಗೆ ಸಿಕ್ಕಿಸುವ ಸಾಫ್ಟನರುಗಳ ಯೋಗ್ಯತೆಯನ್ನೂ ಅಳೆಯಬಹುದು. ಅದರಲ್ಲಿ ಅರ್ಧ ಲೀಟರ್ ರೆಸಿನ್ ಇದ್ದರೂ ನಿಮ್ಮ ನೀರಿನಲ್ಲಿ ಮೂರು ನಾಲ್ಕು ಬಕೆಟ್ಟಿಗೆ ಅದರ ಕಥೆ ಮುಗಿಯುತ್ತದೆ.

ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರ್ ಹಿಡಿದು ಸಾಫ್ಟನರ್ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಡಿ. ಒಂದು ಲವಣ ಹೋಗಿ ಇನ್ನೊಂದು ಬರುವುದರಿಂದ ಟಿಡಿಎಸ್ ಇಳಿಯುವುದಿಲ್ಲ, ತುಸು ಏರಲೂಬಹುದು. ಹನಿ ಲೆಕ್ಕದ ಗಡಸುತನದ ಕಿಟ್ ತನ್ನಿ. ಸಣ್ಣ ಶೀಸೆಯ ನೀರಿಗೆ ಸೂಚಕ ಹಾಕಿದಾಗ ಅದು ದ್ರಾಕ್ಷಾರಸದ ಕೆಂಪಾಗುತ್ತದೆ. ಗಡಸುತನವನ್ನು ಕಟ್ಟಿಹಾಕುವ ಇಡಿಟಿಎ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಅಲ್ಲಾಡಿಸುತ್ತ ಹೋದರೆ, ಕೆಂಪು ಮೊದಲು ನೇರಳೆಗೆ ತಿರುಗಿ, ಕೊನೆಯ ಹನಿಗೆ ತಟ್ಟನೆ ತಿಳಿನೀಲಿಯಾಗುತ್ತದೆ. ಹನಿಗಳನ್ನು ಎಣಿಸಿದರೆ ಗಡಸುತನ ಸಿಕ್ಕಿತು. ಸರಿಯಾಗಿ ಮೆದುವಾದ ನೀರಿಗೆ ಸೂಚಕ ಬೀಳುತ್ತಲೇ ನೀಲಿ ಬರುತ್ತದೆ, ಎಣಿಸುವ ಕೆಲಸವೇ ಇರುವುದಿಲ್ಲ.

ಮೆದು ನೀರನ್ನು ಕುಡಿಯಲು, ಅಡುಗೆಗೆ ಬಳಸುವ ಮುನ್ನ ಒಮ್ಮೆ ಯೋಚಿಸಿ. ತೆಗೆದ ಪ್ರತಿ 100 ಮಿಲಿಗ್ರಾಂ ಗಡಸುತನಕ್ಕೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ, ನಿಮ್ಮ ನೀರಿನಲ್ಲಿ ಅದು ಲೀಟರಿಗೆ 285ರ ಹತ್ತಿರ. ರಕ್ತದೊತ್ತಡ ಇರುವವರ ಮನೆಯಲ್ಲಿ ಅದು ಕಡೆಗಣಿಸುವ ಅಂಕಿಯಲ್ಲ. ಕುಡಿಯುವುದಕ್ಕೆ ಆರ್‌ಓ ಬೇರೆಯೇ ಇರಲಿ. ಅದಕ್ಕೆ ಮೆದು ನೀರು ಕೊಟ್ಟರೆ ಅದರ ಪೊರೆಗೂ ಸುಣ್ಣ ಕಟ್ಟದೆ ಬಾಳಿಕೆ ಹೆಚ್ಚುತ್ತದೆ. ನಮ್ಮ ಅನಂತಪುರದ ಕಡೆಯವರಿಗೆ ಇನ್ನೊಂದು ಎಚ್ಚರ: ಈ ರೆಸಿನ್ ಫ್ಲೋರೈಡನ್ನು ಮುಟ್ಟುವುದಿಲ್ಲ. ನೀರು ಮೆದುವಾಯಿತು, ನೊರೆ ಚೆನ್ನಾಗಿ ಬರುತ್ತದೆ ಎಂದು ಅದನ್ನೇ ಮಕ್ಕಳಿಗೆ ಕುಡಿಸುವವರನ್ನು ನಾನು ಕಂಡಿದ್ದೇನೆ.

ಸುರಂಗದ ನೀರು (ಬದಿಯಡ್ಕ):

ನಮ್ಮ ಕಾಸರಗೋಡಿನ ಅನುಭವ ಇದಕ್ಕೆ ತಲೆಕೆಳಗು, ಆದರೂ ಯಾರಿಗಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ನಮ್ಮ ಮನೆಗೆ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ತಾನಾಗಿ ಹರಿದು ತೊಟ್ಟಿಗೆ ಬರುತ್ತದೆ, ಬೇಸಿಗೆಯಲ್ಲಿ ಮಾತ್ರ ಬಾವಿಯ ನೀರು. ಕಳೆದ ವರ್ಷ ಬೇಸಿನ್ನಿನಲ್ಲಿ ನೀಲಿ ಹಸಿರು ಕಲೆ ಕಂಡಿತು, ಗೀಸರ್ ಸೋರತೊಡಗಿತು. ಪೇಟೆಯಿಂದ ಬಂದ ಒಬ್ಬ ಮಾರಾಟಗಾರರು ಇದು ಗಡಸು ನೀರಿನ ಲಕ್ಷಣವೆಂದು ಸಾಫ್ಟನರಿನ ದರ ಬರೆದುಕೊಟ್ಟರು. ಮುಂಗಡ ಕೊಡುವ ಮೊದಲು ನೀರನ್ನು ಪರೀಕ್ಷೆಗೆ ಕೊಟ್ಟೆವು, ಪುಣ್ಯ. ಗಡಸುತನ ಲೀಟರಿಗೆ 18 ಮಿಲಿಗ್ರಾಂ, ಪಿಎಚ್ 5.6. ಮುರಕಲ್ಲಿನಲ್ಲಿ ಸೋಸಿ ಬರುವ ನಮ್ಮ ನೀರಿನಲ್ಲಿ ಸುಣ್ಣದ ಅಂಶವೇ ಕಡಿಮೆ, ಹುಳಿಯ ಗುಣ ಜಾಸ್ತಿ. ಅದು ತಾಮ್ರವನ್ನು ತಿಂದು ಆ ಕಲೆ ಮಾಡಿತ್ತು. ನಮಗೆ ಬೇಕಾದದ್ದು ಅಮೃತಶಿಲೆಯ ಚೂರು ತುಂಬಿದ ಫಿಲ್ಟರ್, ಅಂದರೆ ನೀವೆಲ್ಲ ದುಡ್ಡು ಕೊಟ್ಟು ತೆಗೆಸುವ ಸುಣ್ಣವನ್ನು ನಾವು ದುಡ್ಡು ಕೊಟ್ಟು ಸೇರಿಸಿಕೊಂಡೆವು.

ಕಡಲ ಕರೆಯಲ್ಲಿರುವ ನಮ್ಮ ನೆಂಟರ ಬಾವಿಗೆ ಮಾರ್ಚ್ ತಿಂಗಳಿನಿಂದ ಉಪ್ಪು ನೀರು ನುಗ್ಗುತ್ತದೆ. ಅವರಿಗೂ ಸಾಫ್ಟನರ್ ಮಾರಲು ನೋಡಿದರು. ಮೇಷ್ಟ್ರು ಹೇಳಿದಂತೆ ಅದು ಸೋಡಿಯಂ ಕೊಡುವ ಯಂತ್ರ, ಸೋಡಿಯಂ ತೆಗೆಯುವುದಲ್ಲ.

ತಾಳವಾಡಿ ತೋಟ:

ಒಂದೇ ಪ್ರಶ್ನೆ. ರೆಸಿನ್ ತೊಳೆದ ಉಪ್ಪು ನೀರನ್ನು ಬಾಳೆಯ ಬುಡಕ್ಕೆ ಬಿಡಬಹುದೇ? ಅಷ್ಟು ನೀರು ವ್ಯರ್ಥವಾಗುವುದನ್ನು ನೋಡಲಾಗುವುದಿಲ್ಲ.

ಬಾಯ್ಲರ್‌ಮನೆ (ಅಕ್ಕಲಕೋಟೆ):

ಬಾಳೆಗಂತೂ ಬೇಡ, ಎಲೆಯ ಅಂಚು ಸುಟ್ಟಂತಾಗುತ್ತದೆ. ಮಳೆನೀರು ಇಂಗುವ ಗುಂಡಿಗೂ ಬೇಡ, ಅದು ತಿರುಗಿ ನಿಮ್ಮ ಬಾವಿಗೇ ಬರುತ್ತದೆ. ಒಂದು ಸಲಕ್ಕೆ 150–200 ಲೀಟರ್ ಹೋಗುತ್ತದೆ, ಅದರಲ್ಲಿ ಮೊದಲ ಹತ್ತು ನಿಮಿಷದ ಹಿಂದೊಳೆತದ, ಅಂದರೆ ರೆಸಿನ್ನನ್ನು ಕೆಳಗಿನಿಂದ ಮೇಲಕ್ಕೆ ತೊಳೆಯುವ ನೀರಿನಲ್ಲಿ ಉಪ್ಪಿರುವುದಿಲ್ಲ, ಬೇಕಾದರೆ ಅದನ್ನು ಡ್ರಮ್ಮಿನಲ್ಲಿ ಹಿಡಿದು ಅಂಗಳ ತೊಳೆಯಬಹುದು. ಉಳಿದದ್ದು ಚರಂಡಿಗೇ ಹೋಗಬೇಕು. ಈ ಕಾರಣಕ್ಕೇ ಅಗತ್ಯಕ್ಕಿಂತ ಹೆಚ್ಚು ನೀರನ್ನು ಮೆದು ಮಾಡಬಾರದು ಎನ್ನುವುದು.

ಹೊಸೂರು ಹೊಸಮನೆ:

ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಬೇರೆ ಪ್ಲಂಬರನ್ನು ಕರೆಸಿ ಸಾಫ್ಟನರನ್ನು ಕೆಳಗೆ ಸಂಪಿನ ಪಕ್ಕಕ್ಕೆ ಇಳಿಸಿದೆವು. ಡಿಸ್ಕ್ ಫಿಲ್ಟರ್, ನಾನ್‌ರಿಟರ್ನ್ ವಾಲ್ವ್, ಬೈಪಾಸಿಗೆ ಮೂರು ಬಾಲ್ ವಾಲ್ವ್, ಎಲ್ಲವೂ ಒಂದು ಇಂಚಿನ ಪೈಪಿನಲ್ಲಿ. ಪಂಪು ನಡೆಯುವಾಗ ಒತ್ತಡದ ಮಾಪಕ ಸಾಫ್ಟನರಿನ ಮುಂದೆ 2.1 ಬಾರ್ ತೋರಿಸುತ್ತದೆ. ಕೆಳಗಿನ ಬಚ್ಚಲಿನ ಬಕೆಟ್ ಈಗ 52 ಸೆಕೆಂಡಿಗೆ ತುಂಬುತ್ತದೆ. ಮೊದಲ ಮೂರು ದಿನ ಹನಿ ಪರೀಕ್ಷೆಯಲ್ಲಿ ಸೂಚಕ ಬೀಳುತ್ತಲೇ ನೀಲಿ ಬಂತು, ಮನೆಯವರೆಲ್ಲ ಸುತ್ತ ನಿಂತು ನೋಡಿದರು.

ನಾಲ್ಕನೆಯ ದಿನ ಮತ್ತೆ ಕೆಂಪು. ಹನ್ನೆರಡು ಹನಿ ಹಾಕಿದರೂ ಕೆಂಪೇ. ಮೀಟರನ್ನು 1500 ಲೀಟರಿಗೇ ಇಟ್ಟಿದ್ದೆ, ಪರದೆಯ ಮೇಲೆ ಆ ರಾತ್ರಿ ಪುನಶ್ಚೇತನ (ಉಪ್ಪಿನಿಂದ ರೆಸಿನ್ ತೊಳೆಯುವ ಕೆಲಸ) ಮುಗಿಯಿತೆಂದು ಇತ್ತು, ಆದರೆ ತೊಟ್ಟಿಯೊಳಗಿನ ಉಪ್ಪಿನ ಮಟ್ಟ ಹಿಂದಿನ ದಿನ ಪೆನ್ಸಿಲಿನಿಂದ ಗುರುತು ಮಾಡಿದ ಜಾಗದಿಂದ ಒಂದು ಕೂದಲಿನಷ್ಟೂ ಇಳಿದಿರಲಿಲ್ಲ. ಮುಂದಿನ ಪುನಶ್ಚೇತನದ ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು ಟಾರ್ಚು ಹಿಡಿದು ನೋಡಿದೆ. ಕವಾಟದ ಮೋಟಾರು ಗುರ್ರೆಂದು ತಿರುಗಿತು, ಪರದೆಯಲ್ಲಿ ನಿಮಿಷಗಳು ಇಳಿಯತೊಡಗಿದವು, ಚರಂಡಿಯ ಪೈಪಿನಿಂದ ಮಾತ್ರ ಒಂದು ಹನಿಯೂ ಬೀಳಲಿಲ್ಲ. ಆಗ ಹೊಳೆಯಿತು: ಆ ಹೊತ್ತಿಗೆ ಪಂಪು ನಿಂತಿದೆ, ಯಂತ್ರಕ್ಕೆ ನೀರೇ ಇಲ್ಲ!

ಬಾಯ್ಲರ್‌ಮನೆ (ಅಕ್ಕಲಕೋಟೆ):

ತಪ್ಪು ನನ್ನದು, ಇದನ್ನು ಮೊದಲೇ ಹೇಳಬೇಕಿತ್ತು. ಗಿರಣಿಯಲ್ಲಿ ಪಂಪು ಹಗಲು ರಾತ್ರಿ ನಡೆಯುತ್ತಿತ್ತು, ಹಾಗಾಗಿ ನನ್ನ ತಲೆಗೆ ಬರಲಿಲ್ಲ. ರಾತ್ರಿ ಎರಡು ಗಂಟೆ ಎಂಬುದು ನಲ್ಲಿಯಲ್ಲಿ ದಿನವಿಡೀ ಒತ್ತಡದ ನೀರಿರುವ ದೇಶಗಳಿಗೆಂದು ಕಾರ್ಖಾನೆಯಲ್ಲೇ ಇಟ್ಟ ಸಮಯ. ಅಲ್ಲಿ ಎಲ್ಲರೂ ಮಲಗಿರುವಾಗ ಅದು ಸರಿ, ಸಂಪು ಮತ್ತು ಪಂಪಿನ ನಮ್ಮ ಮನೆಗಳಲ್ಲಿ ಅಲ್ಲ.

ಸಮಯವನ್ನು ನೀವು ಮನೆಯಲ್ಲಿರುವ ಹಗಲಿನ ಹೊತ್ತಿಗೆ, ಬೆಳಿಗ್ಗೆ ಹತ್ತಕ್ಕೋ ಹನ್ನೊಂದಕ್ಕೋ ಬದಲಿಸಿ, ಆ ಹೊತ್ತಿಗೆ ಪಂಪು ಹಚ್ಚಿ. ಹಿಂದೊಳೆತ, ಉಪ್ಪು ಎಳೆತ ಮತ್ತು ನಿಧಾನದ ತೊಳೆತ, ತೊಟ್ಟಿಗೆ ನೀರು ತುಂಬುವುದು, ಕೊನೆಯ ಜೋರು ತೊಳೆತ, ಎಲ್ಲಾ ಸೇರಿ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಅಷ್ಟೂ ಹೊತ್ತು ಪಂಪು ನಡೆಯಲೇಬೇಕು. ಇಲ್ಲೊಂದು ಬಲೆಯಿದೆ. ಟ್ಯಾಂಕು ತುಂಬಿದಾಗ ಪಂಪನ್ನು ನಿಲ್ಲಿಸುವ ಲೆವೆಲ್ ಕಂಟ್ರೋಲರ್ ನಿಮ್ಮಲ್ಲಿದ್ದರೆ, ಪುನಶ್ಚೇತನದ ನಡುವೆ ಅದು ಪಂಪನ್ನು ಏಳಲು ಬಿಡುವುದಿಲ್ಲ. ಅದನ್ನು ದಾಟಿಸುವ ಬೇರೆ ಸ್ವಿಚ್ಚು ಒಂದಿರಲಿ. ನಿಮ್ಮ ಕವಾಟದ ಹಿಂಬದಿಯಲ್ಲಿ ಪಂಪಿಗೆ ಸಂಕೇತ ಕೊಡುವ ತಂತಿಯ ಜಾಗವಿದ್ದರೆ, ಎಲೆಕ್ಟ್ರಿಷಿಯನ್ ಒಬ್ಬರಿಂದ ಸಣ್ಣ ರಿಲೇ ಹಾಕಿಸಿಕೊಳ್ಳಿ, ಆಗ ಪುನಶ್ಚೇತನ ಶುರುವಾದಾಗ ಪಂಪು ತಾನೇ ಹತ್ತುತ್ತದೆ.

ಉಪ್ಪಿನ ವಿಷಯ. ಪುಡಿ ಉಪ್ಪು ಹಾಕಬೇಡಿ, ತೊಟ್ಟಿಯ ತಳದಲ್ಲಿ ಹಿಟ್ಟಿನಂತೆ ಕಟ್ಟಿಕೊಳ್ಳುತ್ತದೆ. ತೂತ್ತುಕುಡಿಯ ಕಡೆಯಿಂದ ಬರುವ ಹರಳುಪ್ಪು ನಿಮ್ಮ ಹೊಸೂರಿನಲ್ಲಿ ಅಗ್ಗವಾಗಿ ಸಿಗುತ್ತದೆ, ಆದರೆ ತೊಳೆದದ್ದನ್ನೇ ಕೇಳಿ. ಮಣ್ಣು ಬೆರೆತ ಉಪ್ಪು ಹಾಕಿದರೆ ಆ ಹೀರುವ ಕಿರುರಂಧ್ರ ಕಟ್ಟಿಕೊಂಡು, ಪಂಪು ನಡೆದರೂ ಉಪ್ಪು ಇಳಿಯದ ಅದೇ ಕಾಯಿಲೆ ಬರುತ್ತದೆ. ಪೆನ್ಸಿಲಿನ ಗುರುತು ಮಾಡಿದಿರಲ್ಲ, ಅದು ಎಲ್ಲ ಪರದೆಗಳಿಗಿಂತ ನಂಬಿಕೆಯ ಸಾಧನ, ಅಳಿಸಬೇಡಿ.

ರಾಯದುರ್ಗದ ಮೇಷ್ಟ್ರು:

ಕಬ್ಬಿಣದ ಬಗ್ಗೆ ಯಾರೂ ಕೇಳಲಿಲ್ಲ. ಸಂಪಿನ ಗೋಡೆಯಲ್ಲಿ ಕಾವಿ ಬಣ್ಣದ ಲೋಳೆ ಕಂಡರೆ ಮೊದಲು ಅದಕ್ಕೆ ದಾರಿ ಮಾಡಿ. ಕಬ್ಬಿಣ ಮಣಿಗಳ ಮೇಲೆ ಲೇಪದಂತೆ ಕೂತರೆ ಉಪ್ಪಿಗೆ ಅದು ಬಿಡುವುದಿಲ್ಲ, ಹಾಸು ಗಟ್ಟಿಯಾಗಿ ಧಾರೆಯೂ ತಿಂಗಳಿಂದ ತಿಂಗಳಿಗೆ ಕುಗ್ಗುತ್ತದೆ. ಸಂಪಿಗೆ ಕೊಳವೆಬಾವಿಯ ನೀರನ್ನು ಶವರಿನಂತೆ ಚೆಲ್ಲಿ ಬೀಳಿಸಿದರೆ ಗಾಳಿ ತಾಗಿ ಒಂದಷ್ಟು ಕಬ್ಬಿಣ ಅಲ್ಲಿಯೇ ತಳ ಸೇರುತ್ತದೆ. ಹಾಗೆಯೇ ಸಂಪಿಗೆ ಬ್ಲೀಚಿಂಗ್ ಪುಡಿ ಧಾರಾಳವಾಗಿ ಹಾಕುವ ಅಭ್ಯಾಸವಿದ್ದರೆ ಬಿಡಿ, ಕ್ಲೋರಿನ್ ರೆಸಿನ್ ಮಣಿಗಳನ್ನು ಮೆತ್ತಗೆ ಮಾಡಿ ಒಡೆಯುತ್ತದೆ.

ಹೊಸೂರು ಹೊಸಮನೆ:

ಸಮಯ ಬದಲಿಸಿ ಹತ್ತು ದಿನವಾಯಿತು, ಮೂರು ಸಲ ಪುನಶ್ಚೇತನ ನಡೆದಿದೆ, ಪ್ರತಿ ಸಲವೂ ಉಪ್ಪು ಪೆನ್ಸಿಲಿನ ಗೆರೆಯಿಂದ ಇನ್ನಷ್ಟು ಕೆಳಗೆ ಇಳಿದಿದೆ. ನಿನ್ನೆಯ ಹನಿ ಪರೀಕ್ಷೆಯಲ್ಲೂ ನೀಲಿಯೇ. ಸಂಪಿನಲ್ಲಿ ಕಾವಿ ಲೋಳೆ ಇಲ್ಲ, ನೋಡಿದೆ. ಉಳಿದಿರುವುದು ಒಂದೇ: ಕೆಳಗಿನ ಬಚ್ಚಲಿನ ಬಕೆಟ್ ಸರಿಯಾದರೂ ಮೇಲಿನ ಮಹಡಿಯ ಶವರು ಇನ್ನೂ ಸೊರಗಿದೆ. ಅಲ್ಲಿ ಎತ್ತರವೇ ಕಡಿಮೆ ಎಂದು ಕೈಚೆಲ್ಲಬೇಕೇ?

ಬಾಯ್ಲರ್‌ಮನೆ (ಅಕ್ಕಲಕೋಟೆ):

ಶವರಿನ ತಲೆ ಬಿಚ್ಚಿಟ್ಟು ಬರೀ ಪೈಪಿನ ಕೆಳಗೆ ಬಕೆಟ್ ಹಿಡಿದು ನೋಡಿ. ಅಲ್ಲಿ ಧಾರೆ ಚೆನ್ನಾಗಿದ್ದರೆ ದೋಷ ತಲೆಯದ್ದು, ಎರಡು ವರ್ಷದ ಹಳೆಯ ಸುಣ್ಣ ಅದರ ತೂತುಗಳಲ್ಲಿ ಕೂತಿದೆ.

ಹೊಸೂರು ಹೊಸಮನೆ:

ಹಾಗೆಯೇ ಆಯಿತು. ಬರೀ ಪೈಪಿನಲ್ಲಿ ನೀರು ದಪ್ಪವಾಗಿ ಬಂತು. ತಲೆಯನ್ನು ಒಂದು ರಾತ್ರಿ ವಿನೆಗರಿನಲ್ಲಿ ಮುಳುಗಿಸಿಟ್ಟೆವು. ಮೊದಲ ಒಂದು ಗಂಟೆ ಸೋಡಾದಂತೆ ಗುಳ್ಳೆ ಎದ್ದಿತು, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಾಗ ಸಾಸಿವೆಯಷ್ಟು ದೊಡ್ಡ ಬಿಳಿಯ ಕಾಳುಗಳು ಉದುರಿದವು. ಈಗ ಮೇಲಿನ ಶವರಿನ ನೀರು ಗೋಡೆ ಬಿಟ್ಟು ನೇರವಾಗಿ ತಲೆಯ ಮೇಲೆ ಬೀಳುತ್ತಿದೆ.